ಅರ್ಧ ಹಾಳೆಯ ಸರ್ವರ್

ಆಸ್ಪತ್ರೆಗಳ ಕಂಪ್ಯೂಟರ್ ವಿಭಾಗಕ್ಕೆ ಹೊಸದಾಗಿ ಸೇರುವವರು ನನ್ನಲ್ಲಿಗೆ ಬಂದು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಸರ್ವರಿಗೆ ಯಾವ ಪ್ರೊಸೆಸರ್ ಕೊಳ್ಳಬೇಕು, ಎಷ್ಟು ಮೆಮೊರಿ ಹಾಕಬೇಕು? ಉತ್ತರ ಕೊಡಬೇಕಾದರೆ ಒಂದು ಹರಿದ ಹಾಳೆಯ ವೃತ್ತಾಂತವನ್ನು ಹೇಳಬೇಕಾಗುತ್ತದೆ. ಅರ್ಧ ಹೇಳುವಷ್ಟರಲ್ಲಿ ಅವರು ಫೋನ್ ನೋಡತೊಡಗುತ್ತಾರೆ. ಆದ್ದರಿಂದ ಬರೆದಿಡುತ್ತಿದ್ದೇನೆ. ಓದುವಾಗ ಫೋನ್ ನೋಡಿದರೆ ಕನಿಷ್ಠ ನನಗೆ ಕಾಣುವುದಿಲ್ಲ.

ನಾನು ತಮಿಳುನಾಡಿನ ಕಂಬಂನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ಕಂಪ್ಯೂಟರುಗಳನ್ನು ನೋಡಿಕೊಂಡವನು. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡದ ಅಕ್ಷರ ಕಲಿತದ್ದು ಆಸ್ಪತ್ರೆಗೆ ಸೇರುವ ಮೊದಲು ಮೈಸೂರಿನಲ್ಲಿ ದುಡಿದ ನಾಲ್ಕು ವರ್ಷಗಳಲ್ಲಿ. ಅಲ್ಲಿಯ ಮೇಲಧಿಕಾರಿಯೊಬ್ಬರು ನನ್ನ ಮಾತು ಕೇಳಿ, ಇದು ಯಾವ ಕಾಲದ ಕನ್ನಡವೆಂದು ಎಲ್ಲರೆದುರು ನಕ್ಕದ್ದೇ ಅದಕ್ಕೆ ಕಾರಣ. ಆ ನಗು ಮರೆತಿಲ್ಲ. ಈ ಬರಹದ ವ್ಯಾಕರಣವನ್ನು ಮೂರು ಸಲ ತಿದ್ದಿರುವುದೂ ಅದರಿಂದಲೇ. ನನ್ನ ಬಡ್ತಿಗಳ ವಿಷಯವನ್ನು ಬಿಟ್ಟುಬಿಡುತ್ತೇನೆ. ಅವು ಬಂದದ್ದು ತಡವಾಗಿ. ತಡಮಾಡಿದವರು ಯಾರೆಂದು ಅವರಿಗೂ ಗೊತ್ತು, ನನಗೂ ಗೊತ್ತು.

ನಾನು ಸೇರಿದಾಗ ರಕ್ತಪರೀಕ್ಷೆಯ ವರದಿಗಳು ಬಸ್ಸಿನಲ್ಲಿ ಪ್ರಯಾಣ ಮಾಡುತ್ತಿದ್ದವು. ಬೋಡಿಮೆಟ್ಟಿನ ಏಲಕ್ಕಿ ತೋಟಗಳಲ್ಲಿ ದುಡಿಯುವವರು ಘಟ್ಟ ಇಳಿದು ಬಂದು ರಕ್ತ ಕೊಟ್ಟು ಹೋಗುವರು. ಮರುದಿನ ವರದಿಯ ಲಕೋಟೆಯನ್ನು ಬೋಡಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ, ಅಲ್ಲಿಂದ ತೋಟದ ಜೀಪು ಅದನ್ನು ಮೇಲಿನ ಚಿಕ್ಕ ದವಾಖಾನೆಗೆ ಮುಟ್ಟಿಸುವುದು. ಲಕೋಟೆಯ ಮೇಲೆ ವಿಳಾಸ ಬರೆಯುತ್ತಿದ್ದವಳು ಲ್ಯಾಬ್ ತಂತ್ರಜ್ಞೆ ಪೊನ್ನುತಾಯಿ. ನನ್ನ ಹೆಂಡತಿಯ ಊರಿನವಳು, ಹಾಗಾಗಿ ನನ್ನನ್ನು ‘ಅಣ್ಣಾ’ ಎಂದೇ ಕರೆಯುತ್ತಿದ್ದಳು. ಒಂದೇ ಹೆಸರಿನವರು ಮೂವರಿದ್ದರೆ ‘ಮೂರನೇ ಲೈನು, ಮೂಗುಬೊಟ್ಟಿನ ಕಾಳಿಯಮ್ಮ’ ಎಂದು ಲಕೋಟೆಯ ಮೇಲೆ ಸ್ಪಷ್ಟವಾಗಿ ಬರೆಯುವಳು. ಲೈನು ಎಂದರೆ ತೋಟದ ಕೂಲಿಯವರ ಮನೆಸಾಲು. ಅವಳ ಕೈಯಿಂದ ಹೋದ ವರದಿ ತಪ್ಪು ಮನೆ ಸೇರಿದ್ದನ್ನು ನಾನು ಕೇಳಿಲ್ಲ. ಈ ಮಾತನ್ನು ನೆನಪಿನಲ್ಲಿಡಿ. ನಾನು ಒಮ್ಮೆ ಇಟ್ಟುಕೊಳ್ಳಲಿಲ್ಲ.

ಮುಂದೆ ವರದಿಗಳನ್ನು ವೆಬ್‌ಸೈಟಿನಲ್ಲೇ ತೋರಿಸುವ ವ್ಯವಸ್ಥೆ ಬಂತು. ಮೊದಲ ಸರ್ವರ್ ಎಂದರೆ ಕಚೇರಿಯ ಹಳೆಯ ಕಂಪ್ಯೂಟರ್. ಅದನ್ನೇ ಸಾಕೆಂದು ಟ್ರಸ್ಟಿನವರು ತೀರ್ಮಾನಿಸಿದ್ದರು. ಬೆಳಿಗ್ಗೆ ಒಂಬತ್ತೂವರೆಗೆ ಲ್ಯಾಬಿನವರು ಫಲಿತಾಂಶ ಏರಿಸುವುದು, ಅದೇ ಗಳಿಗೆಯಲ್ಲಿ ಕಣಿವೆಯ ಎಲ್ಲ ಊರುಗಳಿಂದ ಜನ ಫೋನು ಒತ್ತುವುದು, ಯಂತ್ರ ಕೈಚೆಲ್ಲುವುದು. ಬೋಡಿಮೆಟ್ಟಿನ ಡಾಕ್ಟರಮ್ಮ ವಾರಕ್ಕೆರಡು ಸಲ ಕರೆ ಮಾಡಿ, “ನಿಮ್ಮ ವೆಬ್‌ಸೈಟಿಗಿಂತ ಆ ಕಂಡಕ್ಟರೇ ಪರವಾಗಿಲ್ಲ. ಅವರು ಬಂದರೆ ವಿಸಿಲ್ ಆದರೂ ಊದುವರು” ಎನ್ನುತ್ತಿದ್ದರು. ಮಾತು ನ್ಯಾಯವಾದದ್ದೇ. ಆದರೂ ಅದನ್ನು ಅವರು ಸ್ಪೀಕರ್ ಹಾಕಿ, ರೋಗಿಗಳಿಗೆ ಕೇಳಿಸುವಂತೆ ಹೇಳಬೇಕಿರಲಿಲ್ಲ.

ಮೂರು ಮನವಿಗಳ ನಂತರ ಹೊಸ ಸರ್ವರಿಗೆ ಒಪ್ಪಿಗೆ ಸಿಕ್ಕಿತು. ಇಲ್ಲಿ ನಮ್ಮ ಟ್ರಸ್ಟಿನ ಒಂದು ಕಟ್ಟಳೆಯನ್ನು ತಿಳಿಸಬೇಕು. ಆಸ್ಪತ್ರೆಯನ್ನು ಕಟ್ಟಿದವರು ನಮ್ಮವರ ಎರಡು ಕುಟುಂಬಗಳು, ಮೇಲ್ಬೀದಿಯವರು ಮತ್ತು ಕೆಳಬೀದಿಯವರು. ಆಸ್ಪತ್ರೆಗೆ ಏನೇ ಕೊಂಡರೂ ‘ಪಾತಿ-ಪಾತಿ’. ಪಾತಿ ಎಂದರೆ ಅರ್ಧ, ತಮಿಳಿನಿಂದ ಬಂದು ನಮ್ಮ ಮನೆಮಾತಿನಲ್ಲಿ ನೆಲೆಸಿದ ಪದ. ಕ್ಯಾಂಟೀನಿನ ಅಕ್ಕಿ, ವಾರ್ಡಿನ ಪರದೆ, ಹಬ್ಬಕ್ಕೆ ದಾದಿಯರಿಗೆ ಕೊಡುವ ಸೀರೆ, ಎಲ್ಲವೂ ಅರ್ಧ ಮೇಲ್ಬೀದಿಯ ನೆಂಟರ ಅಂಗಡಿಯಿಂದ, ಅರ್ಧ ಕೆಳಬೀದಿಯ ನೆಂಟರ ಅಂಗಡಿಯಿಂದ. ಕಂಪ್ಯೂಟರಿಗೆ ಸಂಬಂಧಿಸಿದಂತೆ ಮೇಲ್ಬೀದಿಯ ಅಳಿಯನ ಅಂಗಡಿ ದಿಂಡಿಗಲ್ಲಿನಲ್ಲಿತ್ತು, ಕೆಳಬೀದಿಯವರದು ಬತ್ತಲಗುಂಡಿನಲ್ಲಿ.

ದಿಂಡಿಗಲ್ಲಿನ ಅಂಗಡಿಯಾತ ತೋರಿಸಿದ್ದು ನಾಲ್ಕೇ ಕೋರುಗಳ, ಎಂದರೆ ಏಕಕಾಲಕ್ಕೆ ನಾಲ್ಕೇ ಕೆಲಸ ಹಿಡಿಯುವ, ಆದರೆ ಭಾರಿ ವೇಗದ ಪ್ರೊಸೆಸರ್. ಬತ್ತಲಗುಂಡಿನವನದು ಹದಿನಾರು ಕೋರುಗಳದ್ದು, ಪ್ರತಿಯೊಂದೂ ಸಾಧಾರಣ ವೇಗದ್ದು. ನಾನು ದಿಂಡಿಗಲ್ಲಿಗೆ ಹೋದಾಗ ಆತ ನನ್ನನ್ನು ಇಪ್ಪತ್ತು ನಿಮಿಷ ನಿಲ್ಲಿಸಿ, ಪಕ್ಕದಲ್ಲಿದ್ದ ಗಿರಾಕಿಗೆ ಕಾಫಿ ತರಿಸಿ, ಕೊನೆಗೆ ನನ್ನ ಕಡೆ ತಿರುಗಿದ.

“ಪೆರಿಸು, ಇದರ ಸ್ಪೀಡು ನೋಡಿ. ಗಿಗಾಹರ್ಟ್ಸ್ ಅಂದ್ರೆ ಕುದುರೆ. ಅವನ್ದು ಏನು? ಅದಿನಾರು ಕತ್ತೆ.”

ನಮ್ಮ ಮನೆಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ, ಹದಿನಾರು ಅದಿನಾರಾಗುತ್ತದೆ, ಹರಿ ಅರಿಯಾಗುತ್ತದೆ. ಪೆರಿಸು ಎಂದರೆ ಮುದುಕ. ಆಗ ನನಗೆ ಐವತ್ತಾರು. ಇಬ್ಬರು ಅಂಗಡಿಯವರೂ ತಮ್ಮ ಯಂತ್ರವನ್ನು ಒಂದು ದಿನದ ಮಟ್ಟಿಗೆ ಆಸ್ಪತ್ರೆಗೆ ಕಳುಹಿಸಬೇಕೆಂದು ಬರವಣಿಗೆಯಲ್ಲಿ ಕೇಳಿದೆ. ದಿಂಡಿಗಲ್ಲಿನಾತ ನಕ್ಕ. ಕಳುಹಿಸದಿದ್ದರೆ ಎದುರಾಳಿಯ ಯಂತ್ರವೊಂದೇ ಪರೀಕ್ಷೆಗೆ ನಿಲ್ಲುತ್ತದೆ ಎಂದೆ. ಮರುದಿನವೇ ಕಳುಹಿಸಿದ.

ಟ್ರಸ್ಟಿನ ಅಧ್ಯಕ್ಷರು ಸುಬ್ಬಯ್ಯ. ಸಂಬಂಧದಲ್ಲಿ ನನಗೆ ಮಾಮ, ಅವರಿಗೆ ನಾನು ಮಾಪ್ಳೆ, ಎಂದರೆ ಅಳಿಯ. ಯಂತ್ರಗಳನ್ನು ಪರೀಕ್ಷಿಸಬೇಕೆಂದಾಗ ಅವರು ಕನ್ನಡಕವನ್ನು ಹಣೆಗೇರಿಸಿ ನೋಡಿದರು.

“ಅದೇನ್ ಮಾಪ್ಳೆ, ಡಬ್ಬಾ ಮೇಲೇ ಎಲ್ಲಾ ಬರ್ದದೆ ಅಲ್ಲ? ಸುಮ್ಮಾ ಯಾಕೆ ಟೆಸ್ಟು?”

“ಮಾಮಾ, ನಮ್ಮ ತೊಳುವಿನಲ್ಲಿ ಪಟ್ಟದ ಎತ್ತನ್ನು ಎಂಗೆ ಆರಿಸ್ತೀರಿ? ಕೊಂಬಿನ ಮೇಲೆ ಬರ್ದಿರ್ತದಾ?”

ಅವರು ಕನ್ನಡಕವನ್ನು ಮತ್ತೆ ಮೂಗಿಗಿಳಿಸಿ ಒಪ್ಪಿದರು. ತೊಳು ಎಂದರೆ ದೇವರ ದನಗಳ ದೊಡ್ಡಿ. ಪಟ್ಟದ ಎತ್ತು ತೀರಿಕೊಂಡರೆ ನಮ್ಮವರು ಮುಂದಿನದನ್ನು ಎತ್ತರ ನೋಡಿಯೋ ಮೈಕಟ್ಟು ನೋಡಿಯೋ ಆರಿಸುವುದಿಲ್ಲ. ದನಗಳನ್ನೆಲ್ಲ ಕೂಡಿಸಿ, ಕರ್ಪೂರ ಹಚ್ಚಿ, ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಯಾವುದು ತಾನಾಗಿ ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಹೀಗೆ ಆಯ್ಕೆಯಾದ ಎತ್ತನ್ನು ಯಾವ ಬೀದಿಯವರೂ ಪ್ರಶ್ನಿಸುವುದಿಲ್ಲ.

ನಮ್ಮ ಕಬ್ಬು ನರ್ಸಿಂಗ್ ವಿದ್ಯಾರ್ಥಿನಿಯರು. ನಲವತ್ತು ಮಂದಿಯನ್ನು ಕ್ಯಾಂಟೀನಿನಲ್ಲಿ ಕೂರಿಸಿ, ಪ್ರತಿಯೊಬ್ಬರ ಫೋನಿನಲ್ಲೂ ಮೂರು ಮೂರು ವರದಿಗಳ ಕೊಂಡಿ ಕೊಟ್ಟು, ಗಂಟೆ ಬಾರಿಸಿದೊಡನೆ ಒತ್ತಬೇಕೆಂದು ಹೇಳಿದೆ. ಗಂಟೆ ಹೊಡೆದವರು ಸ್ವತಃ ಅಧ್ಯಕ್ಷರು. ಊಟದ ಗಂಟೆ ಎಂದುಕೊಂಡು ಇಬ್ಬರು ರೋಗಿಗಳೂ ತಟ್ಟೆ ಹಿಡಿದು ಬಂದರು. ದಿಂಡಿಗಲ್ಲಿನ ಕುದುರೆ ಮೊದಲ ಹುಡುಗಿಯರಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರಿಸಿತು, ಉಳಿದವರನ್ನು ಸಾಲಿನಲ್ಲಿ ನಿಲ್ಲಿಸಿತು. ಬತ್ತಲಗುಂಡಿನದು ಯಾರಿಗೂ ಮಿಂಚಿನಂತೆ ಉತ್ತರಿಸಲಿಲ್ಲ, ಯಾರನ್ನೂ ಹೆಚ್ಚು ಕಾಯಿಸಲೂ ಇಲ್ಲ.

“ಒಬ್ಬ ಚುರುಕು ಪರೋಟಾ ಮಾಸ್ಟರ್ ಬೇಕಾ, ನಾಲ್ಕು ಸಾದಾ ಮಾಸ್ಟರ್ ಬೇಕಾ ಅನ್ನೋದು ಅಂಗಡಿಗೆ ಜನ ಎಂಗೆ ಬರ್ತಾರೆ ಅನ್ನೋದರ ಮೇಲೆ ಮಾಮಾ,” ಎಂದೆ. “ನಮ್ಮಲ್ಲಿ ಬಸ್ಸಿಳಿದ ಆಗೆ ಒಟ್ಟಿಗೆ ಬರ್ತಾರೆ.”

ಗಂಟೆಯನ್ನು ಮೂರನೆಯ ಸಲ ಬಾರಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಬತ್ತಲಗುಂಡಿನ ಯಂತ್ರವೂ ಏದುಸಿರು ಬಿಡತೊಡಗಿತು. ಪ್ರೊಸೆಸರ್ ಅರ್ಧ ಖಾಲಿಯೇ ಇತ್ತು, ಡಿಸ್ಕಿನ ದೀಪ ಮಾತ್ರ ಬಿಡದೆ ಉರಿಯುತ್ತಿತ್ತು. ಮೆಮೊರಿ ಸಾಲದು ಎಂಬುದರ ಗುರುತು ಅದು. ಮಾಸ್ಟರ್ ಎಷ್ಟು ಮಂದಿ ಇದ್ದರೇನು, ಪಕ್ಕದ ಮೇಜು ಸಣ್ಣದಾದರೆ ಪ್ರತಿ ಹಿಟ್ಟಿನುಂಡೆಗೂ ಉಗ್ರಾಣಕ್ಕೆ ಓಡಬೇಕು. ಹೊಸಬರೇ, ಇದನ್ನು ಪಟ್ಟಿಯ ಮೊದಲಿಗೆ ಬರೆದುಕೊಳ್ಳಿ: ನಿಮ್ಮ ಜನ ಹೇಗೆ ಬರುತ್ತಾರೆಂದು ನೋಡದೆ ಪ್ರೊಸೆಸರ್ ಆರಿಸಬೇಡಿ, ಆ ಜನವನ್ನು ಒಮ್ಮೆ ಒಟ್ಟಿಗೆ ಕರೆದು ನೋಡದೆ ಮೆಮೊರಿ ಎಷ್ಟೆಂದು ನಿರ್ಧರಿಸಬೇಡಿ.

ಹೀಗೆ ಬತ್ತಲಗುಂಡಿನ ಯಂತ್ರಕ್ಕೆ ಪಟ್ಟವಾಯಿತು. ಅದಕ್ಕೆ ನಾಲ್ಕು ದೊಡ್ಡ ಮೆಮೊರಿ ಸ್ಟಿಕ್ಕುಗಳು ಬೇಕೆಂದು ಒಂದು ಹಾಳೆ ಸಿದ್ಧಪಡಿಸಿದೆ. ಮೇಲ್ಭಾಗದಲ್ಲಿ ಒಂದೇ ಒಂದು ಸಾಲು: ‘ಕೆಳಗಿನ ನಾಲ್ಕೂ ದೋಷ ತಿದ್ದುವ ಬಗೆಯವೇ ಆಗಿರತಕ್ಕದ್ದು.’ ಅದರ ಅಡಿಯಲ್ಲಿ ಅಡ್ಡಗೆರೆ ಎಳೆದು ನಾಲ್ಕು ಸ್ಟಿಕ್ಕುಗಳ ವಿವರ. ದೋಷ ತಿದ್ದುವ ಮೆಮೊರಿ ಎಂದರೆ, ತನ್ನೊಳಗೆ ಇಟ್ಟ ಅಕ್ಷರವೋ ಅಂಕಿಯೋ ಕೆಟ್ಟರೆ ತಾನೇ ಕಂಡುಹಿಡಿದು ಸರಿಪಡಿಸುವ, ಸರಿಪಡಿಸಿದೆನೆಂದು ವರದಿಯನ್ನೂ ಬರೆಯುವ ಮೆಮೊರಿ. ಮನೆಯ ಕಂಪ್ಯೂಟರಿಗೆ ಅದು ಬೇಕಿಲ್ಲ. ರಕ್ತದ ಅಂಕಿಗಳನ್ನು ಹೊರುವ ಯಂತ್ರಕ್ಕೆ ಬೇಕು.

ಟ್ರಸ್ಟಿನ ಸಭೆಯಲ್ಲಿ ಏಳು ಜನರಿದ್ದರು. ಹಾಳೆಯನ್ನು ಅಧ್ಯಕ್ಷರ ಮುಂದಿಟ್ಟೆ. ಮೇಲ್ಬೀದಿಯ ಸದಸ್ಯರೊಬ್ಬರು ಗಂಟಲು ಸರಿಮಾಡಿಕೊಂಡರು.

“ಯಂತ್ರ ಪೂರಾ ಕೆಳಬೀದಿಗೆ ಓಯ್ತು. ಇದೂ ಓದ್ರೆ ನಾವು ಏನು, ಬಾಗಲು ಕಾಯಕ್ಕಾ?”

“ಎರಡು ಇಲ್ಲಿ, ಎರಡು ಅಲ್ಲಿ. ಪಾತಿ-ಪಾತಿ. ಮುಗೀತು,” ಎಂದರು ಅಧ್ಯಕ್ಷರು.

“ಮಾಮಾ, ಇವು ನಾಲ್ಕೂ ಒಂದೇ ಜಾತಿಯವು ಆಗ್ಬೇಕು. ಒಂದೇ ಕಡೆಯಿಂದ...”

“ಸೀರೆಗೂ ಇಂಗೇ ಏಳ್ದೆ. ಉಟ್ಟ ಮೇಲೆ ಯಾರಿಗೆ ಗೊತ್ತಾಯ್ತು?”

ಎಲ್ಲರೂ ನಕ್ಕರು. ನಗುವಿನ ನಡುವೆಯೇ ಅಧ್ಯಕ್ಷರು ನನ್ನ ಹಾಳೆಯನ್ನು ಮಡಿಚಿ, ಉಗುರಿನಿಂದ ಮಡಿಕೆಯನ್ನು ತೀಡಿ, ಸ್ಕೇಲಿಟ್ಟು ನಡುವೆ ಹರಿದರು. ಮೇಲಿನ ಅರ್ಧ ದಿಂಡಿಗಲ್ಲಿಗೆ, ಕೆಳಗಿನ ಅರ್ಧ ಬತ್ತಲಗುಂಡಿಗೆ. ದೋಷ ತಿದ್ದುವ ಸಾಲು ಮೇಲಿನ ಅರ್ಧದಲ್ಲಿ ಮಾತ್ರ ಇತ್ತು.

ಅದನ್ನು ನಾನು ನೋಡಿದೆ. ನೋಡಲಿಲ್ಲವೆಂದರೆ ಈ ಬರಹಕ್ಕೆ ಅರ್ಥವೇ ಉಳಿಯುವುದಿಲ್ಲ. ಎರಡು ಸಂಜೆ ಕೂತು, ಸಾಲುಗಳನ್ನು ಅಳೆದು ಸಿದ್ಧಪಡಿಸಿದ ಹಾಳೆಯನ್ನು ಅವರು ಬಾಳೆಎಲೆಯಂತೆ ಹರಿದಾಗ ನನ್ನ ಕಿವಿ ಬಿಸಿಯಾಯಿತು. ‘ಆ ಸಾಲನ್ನು ಕೆಳಗಿನ ಅರ್ಧದಲ್ಲೂ ಬರೆಯಬೇಕು’ ಎನ್ನಲು ಐದು ಸೆಕೆಂಡು ಸಾಕಿತ್ತು. ನಾನು ಹೇಳಲಿಲ್ಲ. ಎದ್ದು ಬಂದೆ. ಅನುಭವಿಸಲಿ, ಆಗ ನನ್ನ ಬಳಿಗೇ ಬರುತ್ತಾರೆ ಎಂದುಕೊಂಡೆ.

ಸ್ಟಿಕ್ಕುಗಳು ಬಂದವು. ದಿಂಡಿಗಲ್ಲಿನಿಂದ ದೋಷ ತಿದ್ದುವ ಬಗೆಯವು ಎರಡು, ಬತ್ತಲಗುಂಡಿನಿಂದ ಸಾಮಾನ್ಯ ಬಗೆಯವು ಎರಡು. ಕೇಳಿದ್ದನ್ನೇ ಇಬ್ಬರೂ ಪ್ರಾಮಾಣಿಕವಾಗಿ ಕೊಟ್ಟಿದ್ದರು. ಎರಡು ಬಗೆಗಳನ್ನು ಬೆರೆಸಿದರೆ ಕೆಲವು ಯಂತ್ರಗಳು ಏಳುವುದೇ ಇಲ್ಲ. ನಮ್ಮದು ಎದ್ದಿತು. ಎದ್ದು ಪರದೆಯ ಮೇಲೆ ಒಂದು ಸಾಲು ತೋರಿಸಿತು: ಬೆರಕೆ ಮೆಮೊರಿ ಇರುವುದರಿಂದ ದೋಷ ತಿದ್ದುವ ಕೆಲಸವನ್ನು ನಿಲ್ಲಿಸಲಾಗಿದೆ, ಮುಂದುವರಿಯಲು ಕೀಲಿ ಒತ್ತಿರಿ. ನಾಲ್ವರಲ್ಲಿ ಇಬ್ಬರು ಕಾವಲುಗಾರರಾಗಲು ಒಲ್ಲೆವೆಂದರೆ ಉಳಿದಿಬ್ಬರನ್ನೂ ಮನೆಗೆ ಕಳುಹಿಸಿದ ಹಾಗೆ.

ಕೀಲಿ ಒತ್ತಿದೆ. ಆ ಸಾಲನ್ನು ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಂಡೆ, ಆಸ್ಪತ್ರೆಯ ಹಿತಕ್ಕಾಗಿ ಅಲ್ಲ, ಸಭೆಯಲ್ಲಿ ನಕ್ಕ ಏಳು ಜನರಿಗೆ ಸಮಯ ಬಂದಾಗ ತೋರಿಸಲು.

ಐದು ತಿಂಗಳು ಯಂತ್ರ ಚೆನ್ನಾಗಿ ನಡೆಯಿತು. ಒಂಬತ್ತೂವರೆಯ ಕುಸಿತ ನಿಂತಿತು. ಡಾಕ್ಟರಮ್ಮ ಕರೆ ಮಾಡಿ, “ಈಗ ಕಂಡಕ್ಟರನ್ನು ಮರೆತೆ” ಎಂದರು. ಆ ಸಲ ಸ್ಪೀಕರ್ ಹಾಕಿರಲಿಲ್ಲ.

ಆರನೆಯ ತಿಂಗಳಲ್ಲಿ ಅವರ ಕರೆ ಮತ್ತೆ ಬಂತು, ಧ್ವನಿ ಬೇರೆಯಾಗಿತ್ತು. ಏಲಕ್ಕಿ ಕೊಯ್ಯುವ ಕಾಳಿಯಮ್ಮ, ಅದೇ ಮೂಗುಬೊಟ್ಟಿನವಳು, ತೋಟದ ಸಾಲಿನ ನಡುವೆ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಎಂಟು ದಿನ ಮೊದಲು ಅವಳ ಸಕ್ಕರೆಯ ಅಂಕಿ ವೆಬ್‌ಸೈಟಿನಲ್ಲಿ ‘060’ ಎಂದಿತ್ತು. ತೀರಾ ಇಳಿದಿದೆಯೆಂದು ಡಾಕ್ಟರಮ್ಮ ಸಕ್ಕರೆಯ ಮಾತ್ರೆಗಳನ್ನು ನಿಲ್ಲಿಸಿದ್ದರು. ಲ್ಯಾಬಿನ ರಿಜಿಸ್ಟರಿನಲ್ಲಿ ನೋಡಿದರೆ ಪೊನ್ನುತಾಯಿಯ ದುಂಡಗಿನ ಅಕ್ಷರದಲ್ಲಿ ‘260’. ಏರಿದ್ದ ಸಕ್ಕರೆಗೆ ಮಾತ್ರೆಯೂ ಇಲ್ಲದೆ ಆ ಹೆಂಗಸು ಎಂಟು ದಿನ ಏಲಕ್ಕಿ ಕೊಯ್ದಿದ್ದಳು. ಅವಳನ್ನು ನಮ್ಮಲ್ಲಿಗೇ ತಂದರು. ಬದುಕಿದಳು. ಅವಳು ಕಣ್ಣು ತೆರೆಯುವವರೆಗಿನ ಎರಡು ದಿನ ಆಸ್ಪತ್ರೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ವಿಚಾರಣೆಯಾಯಿತು. ರಿಜಿಸ್ಟರಿನಲ್ಲಿ ಸರಿ, ವೆಬ್‌ಸೈಟಿನಲ್ಲಿ ತಪ್ಪು. ನಡುವೆ ಟೈಪು ಮಾಡಿದವಳು ಪೊನ್ನುತಾಯಿ. ಕಂಪ್ಯೂಟರ್ ವಿಭಾಗದ ಅಭಿಪ್ರಾಯ ಕೇಳಿದರು. ಯಂತ್ರದಲ್ಲಿ ಯಾವ ದೋಷವೂ ದಾಖಲಾಗಿಲ್ಲ ಎಂದು ಬರೆದೆ. ದೋಷ ದಾಖಲಿಸುವ ಕಾವಲುಗಾರನೇ ನಿದ್ದೆ ಹೋಗಿದ್ದ ಎಂಬುದು ಆ ಕ್ಷಣದಲ್ಲಿ ಹೊಳೆಯಲಿಲ್ಲ ಎನ್ನಲೇ? ಹೊಳೆಯಿತು, ಅಷ್ಟು ಸಣ್ಣ ಸಂಗತಿ ಇಷ್ಟು ದೊಡ್ಡದಕ್ಕೆ ಕಾರಣವಾಗಲಾರದೆಂದು ತಳ್ಳಿಹಾಕಿದೆ. ‘ಶ್ರೀಮತಿ ಪೊನ್ನುತಾಯಿಯವರ ಅಜಾಗರೂಕತೆ’ ಎಂಬ ವರದಿಯ ಕೆಳಗೆ ಸಹಿಯನ್ನೂ ಹಾಕಿದೆ. ತೀರ್ಮಾನವಾಗುವವರೆಗೆ ಮನೆಯಲ್ಲಿರುವಂತೆ ಅವಳಿಗೆ ಹೇಳಿದರು. ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದವಳು ಟಿಫಿನ್ ಡಬ್ಬಿ ಹಿಡಿದು ಮಧ್ಯಾಹ್ನದ ಬಸ್ಸು ಹತ್ತಿದಳು. ಹೋಗುವ ಮುನ್ನ ನನ್ನ ಬಾಗಿಲಲ್ಲಿ ನಿಂತಳು.

“ಅಣ್ಣಾ, ನೀವೂನಾ?”

ಕಡತ ನೋಡುತ್ತಿದ್ದವನಂತೆ ತಲೆ ತಗ್ಗಿಸಿದೆ.

ಮೂರು ವಾರಗಳ ನಂತರ ಅವಳು ಬಂದಳು. ಕೈಯಲ್ಲಿ ಶಾಲೆಯ ನೋಟುಪುಸ್ತಕವಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಸಾರ್, ಐದು ನಿಮಿಷ ಕೊಡ್ತೀರಾ?”

ಸಾರ್ ಎಂಬ ಮಾತು ನನಗೆ ನಾಟಿತು. ಆದರೂ ಕೊಟ್ಟೆ.

ಲ್ಯಾಬಿನ ಜೊತೆಗಾತಿಯಿಂದ ರಿಜಿಸ್ಟರಿನ ಹಾಳೆಗಳ ಚಿತ್ರ ತರಿಸಿಕೊಂಡು, ವೆಬ್‌ಸೈಟಿನ ಆರು ತಿಂಗಳ ಅಂಕಿಗಳೊಡನೆ ಒಂದೊಂದಾಗಿ ಹೋಲಿಸಿದ್ದಳು. ವ್ಯತ್ಯಾಸ ಕಂಡದ್ದು ಇಪ್ಪತ್ತಮೂರು ಕಡೆ. ಎಡಕ್ಕೆ ರಿಜಿಸ್ಟರಿನ ಅಂಕಿ, ಬಲಕ್ಕೆ ವೆಬ್‌ಸೈಟಿನದು, ಕೆಟ್ಟ ಅಂಕಿಗೆ ಕೆಂಪು ವೃತ್ತ.

“ಮೊದ್ಲು ಇದು ನೋಡಿ. ಈ ಐದು ನಾ ಟೈಪು ಮಾಡ್ದದಲ್ಲ. ಆ ದಿನ ನಾ ಲೀವು, ತಂಗಿ ಮಗಳ ಸೀಮಂತ. ಈಗ ಇದು ನೋಡಿ. ಏಳು ಇದ್ದದ್ದು ಐದಾಗದೆ. ಆರು ನಾಲ್ಕಾಗದೆ. ಮೂರು ಒಂದಾಗದೆ. ಎರಡು ಸೊನ್ನೆ ಆಗದೆ. ಎಲ್ಲಾದ್ರೂ ಎಂಟು ತಪ್ಪಾಗದಾ? ಒಂಬತ್ತು? ಐದು? ಒಂದೂ ಇಲ್ಲ. ಇಪ್ಪತ್ತಮೂರರಲ್ಲೂ ಈ ನಾಲ್ಕೇ ಅಂಕಿ, ಎಲ್ಲಾ ಸಲಾನೂ ಎರಡೇ ಕಮ್ಮಿ.” ನೋಟುಪುಸ್ತಕದ ಮೇಲೆ ಬೆರಳಿಟ್ಟಳು. “ಕೈ ತಪ್ಪಿದ್ರೆ ಇಂಗೆ ಕಣಕ್ಕು ಆಕ್ಕೊಂಡು ತಪ್ತದಾ ಸಾರ್?” ಕಣಕ್ಕು ಎಂದರೆ ಲೆಕ್ಕ.

ನೋಡಿದ ಕೂಡಲೇ ಏನೆಂದು ತಿಳಿಯಿತು. ಯಂತ್ರವು ಪ್ರತಿ ಅಂಕಿಯನ್ನೂ ಸಣ್ಣ ದೀಪಗಳ ಸಾಲಾಗಿ ಇಟ್ಟುಕೊಳ್ಳುತ್ತದೆ. ಒಂದು ದೀಪದ ಬೆಲೆ ಒಂದು, ಮುಂದಿನದರದು ಎರಡು, ಆಮೇಲೆ ನಾಲ್ಕು, ಎಂಟು. ಬೇಕಾದವನ್ನು ಉರಿಸಿ ಕೂಡಿಸಿದರೆ ಅಂಕಿ. ಎರಡರ ಬೆಲೆಯ ದೀಪ ಉರಿಯುವುದು ಎರಡು, ಮೂರು, ಆರು, ಏಳು ಈ ನಾಲ್ಕರಲ್ಲಿ ಮಾತ್ರ. ಮೆಮೊರಿಯ ಒಂದು ಮೂಲೆಯಲ್ಲಿ ಆ ಒಂದು ದೀಪ ಕೆಟ್ಟಿತ್ತು. ಆ ಮೂಲೆಯನ್ನು ಹಾದುಹೋದ ಅಂಕಿಯಲ್ಲಿ ಎರಡು ಇದ್ದರೆ ಅದು ಕಳೆದುಹೋಗುತ್ತಿತ್ತು. ಇದನ್ನು ಓದಿ ತಿಳಿದವನು ನಾನು. ಓದದೆ, ಕೆಂಪು ಪೆನ್ನು ಹಿಡಿದು ಕಂಡುಹಿಡಿದವಳು ಅವಳು.

ಅಂದೇ ಮಧ್ಯಾಹ್ನ, ಅವಳ ಎದುರಿನಲ್ಲೇ, ಯಂತ್ರವನ್ನು ನಿಲ್ಲಿಸಿ ಸ್ಟಿಕ್ಕುಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಕೆಟ್ಟದ್ದು ಬತ್ತಲಗುಂಡಿನ ಸಾಮಾನ್ಯ ಸ್ಟಿಕ್ ಆಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹಾಗಾದರೆ ಬೈಯಲು ಒಬ್ಬನಾದರೂ ಸಿಗುತ್ತಿದ್ದ. ಕೆಟ್ಟದ್ದು ದಿಂಡಿಗಲ್ಲಿನದು, ದೋಷ ತಿದ್ದುವ ಬಗೆಯದೇ. ಬತ್ತಲಗುಂಡಿನ ಎರಡನ್ನೂ ಕಿತ್ತು, ಅದನ್ನೂ ಅದರ ಜೋಡಿಯನ್ನೂ ಮಾತ್ರ ಹಾಕಿ ಯಂತ್ರವನ್ನು ಎಬ್ಬಿಸಿದೆ. ಕಾವಲುಗಾರ ಎಚ್ಚರವಾದ. ಪರೀಕ್ಷೆ ಓಡುತ್ತಿದ್ದಂತೆ ಪರದೆಯ ಮೇಲೆ ಸಾಲುಗಳು ಮೂಡತೊಡಗಿದವು: ದೋಷ ಕಂಡಿದೆ, ತಿದ್ದಲಾಗಿದೆ. ದೋಷ ಕಂಡಿದೆ, ತಿದ್ದಲಾಗಿದೆ. ಯಾವುದೇ ಸ್ಟಿಕ್ ಕೆಡಬಹುದು, ಅದು ಯಾರ ತಪ್ಪೂ ಅಲ್ಲ. ಬೆರಕೆಯಿಲ್ಲದಿದ್ದರೆ ಇದು ಕೆಟ್ಟ ಮೊದಲ ದಿನವೇ ತನ್ನನ್ನು ತಾನು ತಿದ್ದಿಕೊಂಡು, ನನಗೂ ತಿಳಿಸುತ್ತಿತ್ತು. ಅದರ ಬಾಯಿ ಕಟ್ಟಿದ್ದು ಬೆರಕೆ. ಬೆರಕೆಯನ್ನು ಕಂಡೂ ಕೀಲಿ ಒತ್ತಿದ್ದು ನಾನು.

ಪೊನ್ನುತಾಯಿ ಆ ಸಾಲುಗಳನ್ನು ಬಹಳ ಹೊತ್ತು ನೋಡಿದಳು.

“ಇದು ಮುಂಚೇನೇ ಏಳ್ತಿತ್ತಾ ಸಾರ್?”

“ಹೇಳ್ತಿತ್ತಮ್ಮಾ.”

“ಸರಿ,” ಎಂದಳು. ನೋಟುಪುಸ್ತಕವನ್ನು ಎತ್ತಿಕೊಂಡು ಹೊರಟಳು.

ಸಭೆ ಸೇರಿತು. ಫೋನಿನ ಚಿತ್ರ ಜೇಬಿನಲ್ಲಿತ್ತು. ಏಳು ಜನರಿಗೆ ತೋರಿಸಲೆಂದು ಆರು ತಿಂಗಳು ಕಾದಿಟ್ಟದ್ದು. ಹರಿದ ಹಾಳೆ, ಬೆರಕೆ, ಕೆಟ್ಟ ದೀಪ ಎಲ್ಲವನ್ನೂ ವಿವರಿಸಿ, ಚಿತ್ರವನ್ನು ಅಧ್ಯಕ್ಷರ ಮುಂದಿಟ್ಟೆ. ಅವರು ಅದನ್ನು ನೋಡಿ, ಅದರ ತಾರೀಖನ್ನೂ ನೋಡಿ, ನಿಧಾನವಾಗಿ ತಲೆಯೆತ್ತಿದರು. ಕೋಪವಿರಲಿಲ್ಲ.

“ನಾ ಅರಿದದ್ದು ತಪ್ಪು ಮಾಪ್ಳೆ. ಒಪ್ಕೊಂಡೆ. ನನ್ಗೆ ಇದು ಏನೂ ತಿಳಿಯದು. ನಿನ್ಗೆ ತಿಳೀತಿತ್ತಲ್ಲ? ನಾ ಅರಿವಾಗ ನಿನ್ ಬಾಯಿ ಎಲ್ಲಿ ಓಗಿತ್ತು?”

ಅವರೇ ಮುಂದುವರಿಸಿದರು. ಹಿಂದೊಮ್ಮೆ ಒಂದು ಖರೀದಿಗಾಗಿ ಎರಡು ಬೀದಿಗಳೂ ಜಗಳವಾಡಿ, ಹೆರಿಗೆ ವಾರ್ಡಿಗೆ ಬೀಗ ಬಿದ್ದು, ಅವರ ಸ್ವಂತ ಸೊಸೆಯನ್ನು ತೇನಿಯ ಆಸ್ಪತ್ರೆಗೆ ಕರೆದೊಯ್ಯುವಾಗ ದಾರಿಯಲ್ಲೇ ಹೆರಿಗೆಯಾಗಿತ್ತು. ಮಗು ಉಳಿಯಲಿಲ್ಲ. “ಅಂದಿಂದ ನಾ ಎಲ್ಲಾನೂ ಅರ್ಧ ಅರಿತೀನಿ. ಸಂಡೆ ಬ್ಯಾಡ ಅಂತ ಅರಿತೀನಿ.” ಸಂಡೆ ಎಂದರೆ ಜಗಳ. ಇಪ್ಪತ್ತು ವರ್ಷ ಆ ಪಾತಿ-ಪಾತಿಯನ್ನು ನಾನು ಜಿಪುಣ ಮೊಂಡುತನವೆಂದು ತಿಳಿದಿದ್ದೆ. ಏಕೆಂದು ಒಮ್ಮೆಯೂ ಕೇಳಿರಲಿಲ್ಲ.

ಪೊನ್ನುತಾಯಿಯನ್ನು ಒಳಕ್ಕೆ ಕರೆದರು. ಯಂತ್ರದ ದೋಷವೆಂದು ಬರೆದುಕೊಡುತ್ತೇವೆ, ನಾಳೆಯಿಂದ ಬಾ ಎಂದರು.

“ಮಿಷಿನ್ ಅಂತ ಬರ್ದ್ರೆ ಮಿಷಿನ್‌ಗೆ ಅವಮಾನ ಆಗದು ಅಯ್ಯಾ. ನನ್ಮೇಲೆ ಬರ್ದಾಗ ನನ್ ಎಸರು ಆಕಿದ್ರಿ. ಇಡೀ ಊರು ಓದ್ತು. ಕಾಳಿಯಮ್ಮನ ಮನೆಯೋರು ನನ್ನ ಬಾಗಲಿಗೆ ಬಂದು ಮಣ್ಣು ತೂರಿದ್ರು. ಈಗ್ಲೂ ಎಸರು ಆಕಿ.” ನನ್ನ ಕಡೆ ಬೆರಳು ತೋರಿಸಲಿಲ್ಲ, ನೋಡಲೂ ಇಲ್ಲ.

ಬರೆದೆ. ಕನ್ನಡದಲ್ಲಲ್ಲ, ಕಾಳಿಯಮ್ಮನ ಮನೆಯವರು ಓದಬಲ್ಲ ತಮಿಳಿನಲ್ಲಿ. ಮೇಲ್ಭಾಗದಲ್ಲಿ ನನ್ನ ಹೆಸರು, ಹುದ್ದೆ. ಕೆಳಗೆ ಹಾಳೆ ಹರಿದಾಗ ಸುಮ್ಮನಿದ್ದದ್ದು, ಕೀಲಿ ಒತ್ತಿದ್ದು, ತಿಳಿದೂ ಸಹಿ ಹಾಕಿದ್ದು. ನೋಟೀಸು ಬೋರ್ಡಿನಲ್ಲಿ ಹಚ್ಚಿದರು. ಬೋಡಿಮೆಟ್ಟಿಗೆ ಅದರ ಪ್ರತಿಯನ್ನು ನಾನೇ ಬಸ್ಸಿನಲ್ಲಿ ಒಯ್ದೆ. ಕಾಳಿಯಮ್ಮ ತನ್ನ ಲೈನಿನ ಮುಂದೆ ಕೂತು ಏಲಕ್ಕಿ ಆರಿಸುತ್ತಿದ್ದಳು. ಮಗ ಓದಿ ಹೇಳಿದ. ಅವಳು ಕೇಳಿದ್ದು ಒಂದೇ.

“ಅಪ್ಪೋ ಅಂದ ಪುಳ್ಳೆಕ್ಕಿ ವೇಲೈ ತಿರುಂಬ ಕೆಡೈಚ್ಚುದಾ?” ಆ ಹುಡುಗಿಗೆ ಕೆಲಸ ಮತ್ತೆ ಸಿಕ್ಕಿತೇ ಎಂದು. ಸಿಕ್ಕಿತೆಂದೆ. ಒಂದು ಹಿಡಿ ಏಲಕ್ಕಿಯನ್ನು ಕಾಗದದಲ್ಲಿ ಕಟ್ಟಿ, ಅವಳಿಗೆ ಕೊಡೆಂದು ನನ್ನ ಕೈಗಿತ್ತಳು. ನನಗೆಂದು ಏನನ್ನೂ ಕೊಡಲಿಲ್ಲ. ಅದು ಅವಮಾನಗಳ ಲೆಕ್ಕಕ್ಕೆ ಸೇರುವುದಿಲ್ಲ, ನ್ಯಾಯವಾದದ್ದು.

ಕಟ್ಟಳೆಯೂ ಬದಲಾಯಿತು. ಈಗ ಪಾತಿ-ಪಾತಿ ಇಲ್ಲ, ಪಾಳಿ ಇದೆ. ಒಂದು ಸಲ ಇಡೀ ಹಾಳೆ ಮೇಲ್ಬೀದಿಗೆ, ಮುಂದಿನ ಸಲ ಇಡೀ ಹಾಳೆ ಕೆಳಬೀದಿಗೆ. ಜಗಳವೂ ಆಗಿಲ್ಲ, ಹಾಳೆಯೂ ಹರಿದಿಲ್ಲ. ಹೊಸಬರೇ, ಮೆಮೊರಿಯನ್ನು ಒಂದೇ ಕಡೆಯಿಂದ, ಒಂದೇ ಬಗೆಯದನ್ನು, ಒಟ್ಟಿಗೆ ಕೊಳ್ಳಿ. ನಾಲ್ಕಕ್ಕೂ ಬೇಕಾದ ಷರತ್ತನ್ನು ನಾಲ್ಕು ಸಾಲಿನಲ್ಲೂ ಬರೆಯಿರಿ. ಯಾರಾದರೂ ನಿಮ್ಮ ಹಾಳೆಯನ್ನು ಹರಿದರೆ ಕೋಪ ಮಾಡಿಕೊಳ್ಳಿ, ಆ ಹಕ್ಕು ನಿಮಗಿದೆ. ಆದರೆ ಮೊದಲು ಬಾಯಿಬಿಟ್ಟು ಹೇಳಿ, ಆಮೇಲೆ ಕೋಪ.

ಪೊನ್ನುತಾಯಿ ಒಂದು ರೂಢಿ ಹಾಕಿದಳು. ಸರ್ವರನ್ನು ನಿಲ್ಲಿಸಿ ಎಬ್ಬಿಸುವಾಗಲೆಲ್ಲ ಲ್ಯಾಬಿನಿಂದ ಬಂದು ಬಾಗಿಲಲ್ಲಿ ನಿಲ್ಲುವಳು. “ಅದು ಏನೋ ಬರೀತದಲ್ಲ, ಓದಿ ಸಾರ್.” ನಾನು ಪರದೆಯ ಸಾಲನ್ನು ಗಟ್ಟಿಯಾಗಿ ಓದಬೇಕು: ದೋಷ ತಿದ್ದುವಿಕೆ ನಡೆಯುತ್ತಿದೆ. “ಸರಿ ಸಾರ್” ಎಂದು ಹೋಗುವಳು. ನಿವೃತ್ತಿಯ ದಿನದವರೆಗೂ ಓದಿದೆ. ಈಗ ನನ್ನ ಜಾಗಕ್ಕೆ ಬಂದವರು ಓದುತ್ತಾರಂತೆ. ಅವರನ್ನು ಅವಳು ‘ತಂಬಿ’ ಎಂದು, ತಮ್ಮನೆಂದು ಕರೆಯುತ್ತಾಳೆ.

ಮೊನ್ನೆ ನನ್ನ ಸಕ್ಕರೆ ಪರೀಕ್ಷೆಗೆ ಹೋಗಿದ್ದೆ. ರಕ್ತ ತೆಗೆದವಳು ಅವಳೇ, ನೋವೇ ಆಗಲಿಲ್ಲ. ಕಾದು ಕೂತೆ. ಅಂಕಿ ಬಂದಾಗ ರಿಜಿಸ್ಟರಿನಲ್ಲಿ ಬರೆದು, ಪುಸ್ತಕವನ್ನೇ ನನ್ನ ಕಡೆ ತಿರುಗಿಸಿದಳು.

“ನೂರ ಅರವತ್ತೇಳು. ನೋಡ್ಕೊಂಡ್ರಾ ಸಾರ್?”

ಅಣ್ಣಾ ಎನ್ನಬಹುದೇನೋ ಎಂದು ಒಂದು ಗಳಿಗೆ ನಿಂತೆ. ಅವಳು ಮುಂದಿನ ಚೀಟಿ ಕರೆದಳು. ನಾಲ್ಕು ದಶಕಗಳ ಹಿಂದೆ ಮೈಸೂರಿನಲ್ಲಿ ಕೇಳಿದ ನಗುವನ್ನು ಇಂದಿಗೂ ಬಿಡದ ನಾನು, ಅವಳಿಗೆ ಮರೆಯೆಂದು ಯಾವ ಬಾಯಿಂದ ಹೇಳಲಿ?

ಮನೆಗೆ ಬಂದು ಫೋನಿನಲ್ಲಿ ವರದಿ ತೆರೆದೆ. ಕನ್ನಡಕ ಹಾಕಿ, ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ನೋಡಿದೆ. ಒಂದು. ಆರು. ಏಳು. ಆರೂ ಏಳೂ ತಮ್ಮ ತಮ್ಮ ಜಾಗದಲ್ಲೇ ಇದ್ದವು.